ಒತಿಲಿಯಕ್ಕನ ಒಲೆಯ ಮೇಲಿನ ನೀರು

ಆಗಸ್ಟ್ ೧೪, ಗುರುವಾರ

ಹೊಲಗಳ ನಡುವಿನ ನಮ್ಮ ಟ್ರೈಲರ್ ಗಾಲಿಮನೆಗಳ ಬೋರ್‌ವೆಲ್ ನೀರಿನ ಬಗ್ಗೆ ಹೋದ ವಾರ ಇಂಗ್ಲಿಷ್ ಚೀಟಿ ಬಂತು. ಎಲ್ಲರ ಬಾಗಿಲಿಗೂ ಅದನ್ನು ಅಂಟಿಸಿದವಳು ನಾನೇ. ನನಗೆ ಓದಲು ಬಂದದ್ದು ನೀರು, ಮಗು ಎಂಬ ಎರಡೇ ಪದ. ಉಳಿದದ್ದರ ಅರ್ಥ ಯಾರನ್ನಾದರೂ ಕೇಳಲು ನಾಚಿಕೆಯಾಯಿತು. ಹೋದ ವರ್ಷದ ಚೀಟಿ ಕುದಿಸಿ ಎಂದಿತ್ತು. ಇದೂ ಅದೇ ಎಂದುಕೊಂಡು ಪಕ್ಕದ ಮನೆಯ ಒತಿಲಿಯಕ್ಕನಿಗೆ ಹಾಗೇ ಹೇಳಿಬಿಟ್ಟೆ. ಅವರ ಮಗುವಿಗೆ ಎರಡು ತಿಂಗಳು; ಈ ನೀರಲ್ಲೇ ಪುಡಿಹಾಲು ಕಲಸಿ ಕುಡಿಸುತ್ತಾರೆ.

ಇಂದು ನೀರಿನ ಮಾದರಿ ಹಿಡಿಯಲು ಬಂದ ರೆಫುಜಿಯೋ ಮಾಮ ಚೀಟಿ ಓದಿದರು. "ಇದು ಹೊಲದ ಗೊಬ್ಬರದಿಂದ ನೀರಿಗಿಳಿದ ನೈಟ್ರೇಟ್ ಕಣಮ್ಮ. ಕುದಿಸಿದಷ್ಟೂ ಹೆಚ್ಚಾಗುತ್ತೆ. ಎಳೆಮಕ್ಕಳ ಉಸಿರಿಗೇ ಕುತ್ತು."

ಅಕ್ಕನ ಮನೆಗೆ ಓಡಿದೆ. ಒಲೆಯ ಮೇಲೆ ನೀರು ಕೊತಕೊತ ಕುದಿಯುತ್ತಿತ್ತು.

"ಬಾರೇ ಡಾಕ್ಟ್ರಮ್ಮ! ನೀನು ಹೇಳಿದ್ಮೇಲೆ ಅರ್ಧ ಗಂಟೆ ಕುದಿಸ್ತೀನಿ. ಗ್ಯಾಸ್ ಹೋಯ್ತು ಅಂತ ನಮ್ಮನೆಯವ್ರು ಗೊಣಗ್ತಾರೆ, ಗೊಣಗ್ಲಿ ಬಿಡು," ಎಂದು ಅಕ್ಕ ನಕ್ಕರು.

ತೊಟ್ಟಿಲಲ್ಲಿ ಮಗುವಿನ ತುಟಿ ನೀಲಿಗಟ್ಟಿದಂತಿತ್ತು.

"ಅಕ್ಕ, ನಾನು ಆ ಚೀಟಿ ಓದೇ ಇರ್ಲಿಲ್ಲ," ಎಂದು ಎಲ್ಲ ಹೇಳಿದೆ. ಅಕ್ಕ ಒಲೆ ಆರಿಸಿದರು. ಮಾಮನ ಗಾಡಿಯಲ್ಲಿ ಮಗುವನ್ನು ಆಸ್ಪತ್ರೆಗೆ ಒಯ್ದರು.

ಈಗ ನಮ್ಮ ಭಾಷೆಯಲ್ಲಿ ಹೊಸ ಚೀಟಿ ಬರೆದೆ: ಈ ನೀರು ಮಗುವಿಗೆ ಬೇಡ, ಕುದಿಸಿಯೂ ಬೇಡ. ಕೆಳಗೆ, ಮೊದಲು ತಪ್ಪು ಹೇಳಿದವಳು ನಾನು ಎಂದು ಸೇರಿಸಿ ಹೆಸರು ಹಾಕಿದೆ.

ಹೊರಗೆ ಮಾಮನ ಗಾಡಿ ಬಂದು ನಿಂತಿತು. ಮಗು ಅಳುತ್ತಿದೆ. ದೇವರೇ, ಉಸಿರು ತುಂಬಿಕೊಂಡು ಎಷ್ಟು ಜೋರಾಗಿ ಅಳುತ್ತಿದೆ!