ಮೊದಲು ಪಟ್ಟಿ, ಆಮೇಲೆ ಜಾಕೆಟ್ಟು

ವಿನ್ನಿಪೆಗ್
ಜನವರಿ ೧೯, ಭಾನುವಾರ

ನನ್ನ ಮುದ್ದಿನ ಮಗಳು ಸಿಮ್ರತ್,

ಬೆಚ್ಚಗಿದ್ದೀಯಾ ಪುತ್ತರ್? ಹೋದ ಚಳಿಗಾಲದಲ್ಲಿ ನಿನ್ನ ಮಾತು ಮೀರಿ ಅಗಮ್‌ಗೆ ದಪ್ಪ ಜಾಕೆಟ್ಟು ತೊಡಿಸಿಯೇ ಕಾರಿನ ಸೀಟಿಗೆ ಕಟ್ಟಿದ್ದೆ. ನೀನು "ಇನ್ಮೇಲೆ ಅವನನ್ನ ನಿಮ್ಮ ಕಾರಲ್ಲಿ ಕೂರ್ಸಲ್ಲ ಪಾಪಾಜಿ" ಅಂದುಬಿಟ್ಟೆ. ಮೊಮ್ಮಗನನ್ನು ಮತ್ತೆ ನಾನೇ ಗುರುದ್ವಾರಕ್ಕೆ ಕರೆದೊಯ್ಯಬೇಕು. ಅದಕ್ಕೇ ಈ ಪತ್ರ.

ಮಕ್ಕಳ ಸೀಟು ಕಟ್ಟುವ ತರಬೇತಿಗೆ ಸೇರಿದೆ. ನಗಬೇಡ. ಜಲಂಧರದ ಕಾಲೇಜಿನ ಇಂಗ್ಲಿಷಿನಲ್ಲಿ ನನಗೆ ಉಳಿದಿರುವುದು ಅರ್ಜಿಯ ಸಾಲುಗಳಷ್ಟೇ. ಪ್ರತಿ ಉತ್ತರವನ್ನೂ "ಐ ಬೆಗ್ ಟು ಸ್ಟೇಟ್" ಎಂದೇ ಶುರುಮಾಡಿದೆ. ಕಲಿಸುವ ಹುಡುಗಿ ನಕ್ಕಳು, ಆದರೂ ಪಾಸು ಮಾಡಿದಳು. ನಿನ್ನಮ್ಮ, ನಿನ್ನ ಬೀಜಿ, ಇದ್ದಿದ್ದರೆ ಬೀದಿಗೆಲ್ಲ ಲಡ್ಡು ಹಂಚುತ್ತಿದ್ದಳು. ಅವಳ ಲಡ್ಡು ಕಲ್ಲಿನಂತಿರುತ್ತಿತ್ತು, ಅದು ಬೇರೆ ಮಾತು.

ಇವತ್ತು ಲಂಗರ್ ಊಟವಾದ ಮೇಲೆ, ಚಪ್ಪಲಿ ಬಿಡುವ ಕೋಣೆಯಲ್ಲಿ, ಜಾಕೆಟ್ಟು ಬಿಚ್ಚಿಸಿ ಮಕ್ಕಳನ್ನು ಕಟ್ಟುವುದನ್ನು ಎಲ್ಲರಿಗೂ ತೋರಿಸಲು ಮಕ್ಕಳ ಸೀಟು ಇಟ್ಟುಕೊಂಡು ನಿಂತೆ. ನಮ್ಮೆಲ್ಲರ ಹಿರಿಯಜ್ಜಿ ತೇಜ್ ಕೌರ್ ಬೇಬೆ ಮೊಮ್ಮಗಳನ್ನು ಎತ್ತಿಕೊಂಡೇ ಏರಿಬಂದಳು. "ಹೊರಗೆ ಮೈನಸ್ ಇಪ್ಪತ್ತೆಂಟು! ಮಗೂನ ಬರೀ ಸ್ವೆಟರಲ್ಲಿ ಕಟ್ಟಬೇಕಾ? ಗಡ್ಡ ಬೆಳ್ಳಗಾದ್ರೂ ಬುದ್ಧಿ ಬರ್ಲಿಲ್ವಲ್ಲೋ ಜಗೀರ್!"

ಆಗಲಿ ಅಂದೆ. ಜಾಕೆಟ್ಟಿನ ಸಮೇತ ಮಗುವನ್ನು ಕಟ್ಟಿಸಿದೆ. ಬೇಬೆಯೇ ಸೀಟಿನ ಪಟ್ಟಿ ಎಳೆದು ನೋಡಿ "ಉಕ್ಕು ಇದ್ದಂಗಿದೆ" ಅಂದಳು. ಪಟ್ಟಿ ಸಡಿಲಿಸದೆ, ಕೊಂಡಿ ಮಾತ್ರ ಬಿಚ್ಚಿ ಮಗುವನ್ನು ಹೊರತೆಗೆದು, ಜಾಕೆಟ್ಟು ಬಿಚ್ಚಿ, ಮತ್ತೆ ಕೂರಿಸಿ ಕೊಂಡಿ ಹಾಕಿದೆ. ಎದೆಗೂ ಪಟ್ಟಿಗೂ ನಡುವೆ ನನ್ನ ಇಡೀ ಮುಷ್ಟಿ ಹೋಯಿತು! ಕಾರು ಗುದ್ದಿದರೆ ಜಾಕೆಟ್ಟು ಅಪ್ಪಚ್ಚಿಯಾಗುತ್ತದೆ, ಮಗು ಪಟ್ಟಿಯಿಂದ ಜಾರುತ್ತದೆ ಅಂದೆ.

ಬೇಬೆ ತಾನೇ ಪಟ್ಟಿ ಬಿಗಿದಳು, ಜಾಕೆಟ್ಟನ್ನು ಮೇಲಿಂದ ಹೊದಿಸಿದಳು. ಆಮೇಲೆ ಬಾಗಿಲಲ್ಲೇ ನಿಂತು ಹೋಗಿಬರುವವರಿಗೆಲ್ಲ ಗದರತೊಡಗಿದಳು: "ಏ, ಮೊದಲು ಜಾಕೆಟ್ ಬಿಚ್ರೋ! ಮಕ್ಕಳನ್ನ ಕಟ್ತಿದ್ದೀರೋ, ರಜಾಯಿ ಕಟ್ತಿದ್ದೀರೋ?" ಮೂವತ್ತೊಂದು ಕಾರುಗಳಲ್ಲಿ ಮಕ್ಕಳ ಸೀಟಿನ ಪಟ್ಟಿ ಎಳೆದು ನೋಡಿದೆ ಪುತ್ತರ್. ಬೆರಳು ಮರಗಟ್ಟಿದೆ, ಎದೆ ಮಾತ್ರ ಉಬ್ಬಿದೆ.

ಎದೆಯುಬ್ಬಿಸಿ ಕೂತಿರುವ ನಿನ್ನ ಪಾಪಾಜಿ,
ಜಗೀರ್ ಸಿಂಗ್

ತಾ.ಕ.: ಹೋದ ವರ್ಷ ಅಗಮ್‌ನ ತುಟಿ ಒಡೆದದ್ದು ಗುರುದ್ವಾರದ ಮೆಟ್ಟಿಲಲ್ಲಿ ಬಿದ್ದು ಎಂದಿದ್ದೆ. ಸುಳ್ಳು. ಮಂಜುಗಡ್ಡೆಯ ಮೇಲೆ ನಾನು ಬ್ರೇಕು ಒತ್ತಿದಾಗ ಅವನು ಪಟ್ಟಿಯಿಂದ ಜಾರಿ ಮುಂದಿನ ಸೀಟಿಗೆ ಬಡಿದ. ಇವತ್ತು ಎಲ್ಲರೆದುರು ಅದನ್ನೂ ಹೇಳಿದೆ. ಬೇರೆಯವರ ಬಾಯಿಂದ ನಿನಗೆ ಗೊತ್ತಾಗುವುದು ಬೇಡ. ಮಾರ್ಚಿನಲ್ಲಿ ನೀನು ಬಂದಾಗ ನಾನು ಅವನನ್ನು ಕಟ್ಟುತ್ತೇನೆ, ನೀನು ಎಳೆದು ನೋಡು. ಆಮೇಲೆ ಅವನನ್ನು ನನ್ನ ಕಾರಲ್ಲಿ ಕಳಿಸುವುದೂ ಬಿಡುವುದೂ ನಿನ್ನದು.