ನಕ್ಷೆಯಲ್ಲಿಲ್ಲದ ಜೋಕಾಲಿ

ಗದಗ
ಬಿಡುತಿಂಗಳ ನಲವತ್ತನೆಯ ದಿನ, ಮಧ್ಯಾಹ್ನ

ಭಾಗ್ಯಶ್ರೀ ಅಜ್ಜಿಯವರಿಗೆ ಗುರುಬಸಮ್ಮನ ನಮಸ್ಕಾರಗಳು.

ನಲವತ್ತನೆಯ ತಾರೀಖು ನಿಮ್ಮ ಯಾವ ಕ್ಯಾಲೆಂಡರಿನಲ್ಲೂ ಸಿಗುವುದಿಲ್ಲ, ಹುಡುಕಬೇಡಿ. ಒಂದು ಊರು ಎದ್ದು ಬೇರೆ ಕಡೆ ಕೂರುವ ವರ್ಷ ನಾವು ನಲವತ್ತು ದಿನದ ಒಂದು ತಿಂಗಳನ್ನು ಹೆಚ್ಚಿಗೆ ಸೇರಿಸಿಕೊಳ್ಳುತ್ತೇವೆ. ಅದಕ್ಕೆ ಬಿಡುತಿಂಗಳು ಎಂದು ಹೆಸರು. ನಿಮ್ಮ ಲೆಕ್ಕದಲ್ಲಿ ಇದು ಎರಡು ಸಾವಿರದ ನೂರ ತೊಂಬತ್ತರ ಆಸುಪಾಸು. ನಿಮಗೀಗ ಬಹುಶಃ ಮೂವತ್ತೋ ಮೂವತ್ತೆರಡೋ. ನಾನು ಐವತ್ತೆಂಟರವಳು ನಿಮ್ಮನ್ನು ಅಜ್ಜಿ ಎನ್ನುತ್ತಿದ್ದೇನೆ, ಸಿಟ್ಟಾಗಬೇಡಿ. ನನ್ನ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಅದನ್ನೂ ಹೊಟ್ಟೆಗೆ ಹಾಕಿಕೊಳ್ಳಿ. ನಾಲ್ಕು ಗಂಟೆಗೆ ಗಾಡಿ ಬರುತ್ತದೆ, ತಿದ್ದಿ ಬರೆಯಲು ನನಗೆ ಪುರುಸೊತ್ತಿಲ್ಲ.

ಇದು ಹಿಂದೋಲೆ, ಅಂದರೆ ಕಾಲದಲ್ಲಿ ಹಿಂದಕ್ಕೆ ಹೋಗುವ ಪತ್ರ. ಒಬ್ಬರಿಗೆ ಜೀವಮಾನಕ್ಕೆ ಒಂದೇ ಹಾಳೆ ಕೊಡುತ್ತಾರೆ, ಉತ್ತರ ಬರುವುದಿಲ್ಲ. ಬೇರೆಯವರು ಯುದ್ಧದ ಬಗ್ಗೆ, ರೋಗದ ಬಗ್ಗೆ ಎಚ್ಚರಿಸಿ ಬರೆಯುತ್ತಾರೆ. ನಾನು ಒಂದು ಜೋಕಾಲಿಯ ಬಗ್ಗೆ ಬರೆಯುತ್ತಿದ್ದೇನೆ. ಓಲೆಮನೆಯ ಗುಮಾಸ್ತ ವಿಷಯ ಏನೆಂದು ಕೇಳಿ, ನನ್ನ ಮುಖವನ್ನೇ ನೋಡುತ್ತ ನಿಂತ. ನೋಡಲಿ.

ನೀವು ಹೊಳೆದಂಡೆಯಲ್ಲಿ ಈಗ ಕಟ್ಟಿಸುತ್ತಿರುವ ಮನೆ ನಮ್ಮದೂ ಹೌದು. ಹಿನ್ನೀರು ಏರಿದಂತೆಲ್ಲ ನಿಮ್ಮ ಊರು ಮೂರು ಸಲ ಎದ್ದು ಮೇಲಕ್ಕೆ ಹೋಗಿದೆ, ಇದು ನಾಲ್ಕನೆಯ ಸಲ. ಪ್ರತಿ ಸಲವೂ ಮನೆಗಳನ್ನು ಮೊದಲ ನಕ್ಷೆಯ ಪ್ರಕಾರವೇ ಅಚ್ಚಿನಲ್ಲಿ ಎರೆಯುತ್ತಾರೆ. ಮುದುಕರು ಕತ್ತಲಲ್ಲಿ ಗೋಡೆಗೆ ಹಣೆ ಬಡಿದುಕೊಳ್ಳಬಾರದು, ಮಕ್ಕಳಿಗೆ ಮನೆ ಹೊಸದೆನಿಸಬಾರದು ಎಂದು ಈ ಏರ್ಪಾಡು. ನೀವು ಅಡುಗೆಮನೆಯ ಕಿಟಕಿಯನ್ನು ತುಸು ಎತ್ತರಕ್ಕಿಟ್ಟಿರಿ. ನಿಮ್ಮ ನಂತರದ ಸೊಸೆಯರೆಲ್ಲ ತುದಿಗಾಲಲ್ಲಿ ನಿಂತೇ ಹೊರಗೆ ನೋಡಿದ್ದಾರೆ. ಎರೆದ ಚಾವಣಿ ತೆಳು. ನಕ್ಷೆಯಲ್ಲಿ ತೋರಿಸಿದ ಕಡೆ ಬಿಟ್ಟು ಬೇರೆಲ್ಲಿಯೂ ಭಾರ ತಡೆಯುವುದಿಲ್ಲ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಊರು ಏಳುವಾಗ ಏಳು ವರ್ಷದೊಳಗಿನ ಮಕ್ಕಳನ್ನು ಬಂಧುಗಳ ಮನೆಗೆ ಕಳಿಸುತ್ತಾರೆ. ಮನೆ ಒಡೆಯುವುದನ್ನು ಅವರು ನೋಡಬಾರದು. ಇದು ಮಡಿಲುವಾಸ. ನನ್ನ ತಮ್ಮ ಸಿದ್ಧಲಿಂಗನ ಮಕ್ಕಳು ನನ್ನಲ್ಲಿಗೆ ಬಂದರು: ಆರು ವರ್ಷದ ಹೊನ್ನವ್ವ, ಮೂರೂವರೆಯ ಈರಣ್ಣ. ನಲವತ್ತು ದಿನದಲ್ಲಿ ನನ್ನ ಮನೆ ಮನೆಯಾಗಿ ಉಳಿಯಲಿಲ್ಲ. ರೊಟ್ಟಿ ಬಡಿಯುವ ಮರದ ಹರಿವಾಣ, ಕೊಣಮಿಗೆಯಲ್ಲಿ ಈರಣ್ಣ ಕೂತು ಸ್ನಾನ ಮಾಡಿದ. ಕೊಣಮಿಗೆ ಸೀಳಿಹೋಯಿತು, ನಾನು ಬೈದೆ, ಅವನು ಅತ್ತ, ನಾನೂ ಅತ್ತೆ. ಸಂಜೆಯಾದರೆ ಅವ್ವನನ್ನು ಕೇಳುತ್ತಿದ್ದ. ಹೊನ್ನವ್ವ ಕೇಳುತ್ತಿರಲಿಲ್ಲ, ತನ್ನ ಚೀಲವನ್ನು ಬಿಚ್ಚಿ ಮತ್ತೆ ಮಡಚಿಡುತ್ತಿದ್ದಳು. ಅದನ್ನು ನೋಡುವುದೇ ನನಗೆ ಹೆಚ್ಚು ಕಷ್ಟವಾಗಿತ್ತು.

ಮಡಿಲುವಾಸದಲ್ಲಿ ಮನೆಯವರಿಗೆ ಒಂದು ಕರ್ತವ್ಯವಿದೆ. ದೀಪ ಹಚ್ಚುವ ಹೊತ್ತಿಗೆ ಮಕ್ಕಳನ್ನು ಕೂರಿಸಿಕೊಂಡು ಮನೆ ನಡೆಸಬೇಕು. ಮಕ್ಕಳು ಕಣ್ಣು ಮುಚ್ಚಿ, ತಮ್ಮ ಮನೆಯೊಳಗೆ ಬಾಗಿಲಿನಿಂದ ಹಿತ್ತಲವರೆಗೆ ಬಾಯಲ್ಲೇ ನಡೆಯುತ್ತಾರೆ. ಇಲ್ಲಿ ಹೊಸ್ತಿಲು, ಇಲ್ಲಿ ನೀರಿನ ಹಂಡೆ, ಇಲ್ಲಿ ಅವ್ವ ಮಲಗುವ ಜಾಗ. ಹೀಗೆ ನಡೆದ ಮಗು ಹೊಸ ಮನೆಗೆ ಹೋದಾಗ ತನ್ನ ಮನೆಗೇ ಬಂದೆ ಎಂದುಕೊಳ್ಳುತ್ತದೆ. ದೊಡ್ಡವರು ಕೇಳಬೇಕು ಅಷ್ಟೆ, ತಮ್ಮದೊಂದು ಮಾತನ್ನೂ ಸೇರಿಸಬಾರದು.

ನಾನು ಸೇರಿಸಿದೆ.

ಒಡೆಯುತ್ತಿದ್ದದ್ದು ನಾನು ಹುಟ್ಟಿದ ಮನೆ, ಅಜ್ಜಿ. ಮಕ್ಕಳನ್ನು ನೋಡದಂತೆ ದೂರ ಕಳಿಸುತ್ತಾರೆ, ಆ ಮನೆಯಲ್ಲಿ ಹುಟ್ಟಿದ ಹೆಣ್ಣುಮಕ್ಕಳನ್ನು ಮಾತ್ರ ಯಾರೂ ಕೇಳುವುದಿಲ್ಲ. ಎಂಟನೆಯ ದಿನವೋ ಒಂಬತ್ತನೆಯ ದಿನವೋ ಈರಣ್ಣ ಬಾಯಲ್ಲೇ ನಡೆಯುತ್ತ ಪಡಸಾಲೆಗೆ ಬಂದು ನಿಂತ, ಮುಂದೆ ಏನಿದೆ ಎಂದು ಹೊಳೆಯಲಿಲ್ಲ. ನನ್ನ ಬಾಯಿ ಸುಮ್ಮನಿರದೆ, ಅಲ್ಲಿ ಜೋಕಾಲಿ ಇದೆಯಲ್ಲ ಎಂದುಬಿಟ್ಟಿತು. ಅದು ನನ್ನ ಅಪ್ಪ ನಕ್ಷೆ ಮೀರಿ, ಯಾರ ಮಾತೂ ಕೇಳದೆ ತೂಗುಹಾಕಿದ್ದ ಜೋಕಾಲಿ. ಅಪ್ಪ ತೀರಿಕೊಂಡ ವರ್ಷ ಚಾವಣಿ ಬಿರುಕು ಬಿಟ್ಟಿತು, ತಮ್ಮ ಅದನ್ನು ತೆಗೆಸಿದ. ಆಗ ಈ ಮಕ್ಕಳು ಹುಟ್ಟಿಯೇ ಇರಲಿಲ್ಲ.

ಹೊನ್ನವ್ವ ಕಣ್ಣು ತೆರೆದು, “ಅತ್ತಿ, ನಮ್ಮನ್ಯಾಗ ಜೋಕಾಲಿ ಇಲ್ಲ. ಸುಳ್ಳ ಹೇಳಬ್ಯಾಡ,” ಎಂದಳು. ಅಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ಈರಣ್ಣ ನಕ್ಕಿದ್ದ, ಬಂದಮೇಲೆ ಮೊದಲ ಸಲ. ಮರುದಿನ ತಾನಾಗಿಯೇ “ನಾ ಜೋಕಾಲಿ ಮ್ಯಾಲ ಕುಂತೇನಿ, ತೂಗು,” ಎಂದ. ತೂಗಿದೆ. ಒಂದು ತಿಂಗಳು ಬಾಯಲ್ಲೇ ತೂಗಿದೆ. ಅವನು ಅಳುವುದನ್ನು ಬಿಟ್ಟ. ಈಗ ಅವನ ಮನೆ ಶುರುವಾಗುವುದೇ ಜೋಕಾಲಿಯಿಂದ. ಹೊಸ್ತಿಲನ್ನೂ ಹಂಡೆಯನ್ನೂ ಮರೆತಿದ್ದಾನೆ.

ಇಂದು ಬೆಳಿಗ್ಗೆ ತಲೆ ಬಾಚಿಸಿಕೊಳ್ಳುತ್ತ ಹೊನ್ನವ್ವ ಕೇಳಿದಳು, “ಅತ್ತಿ, ಜೋಕಾಲಿ ಬಾಗಲದ ಎಡಕ್ಕೋ, ಬಲಕ್ಕೋ? ನನಗ ಮರತೈತಿ.” ಇಲ್ಲ ಎಂದವಳೇ ಈಗ ಮರೆತಿದೆ ಎನ್ನುತ್ತಿದ್ದಾಳೆ. ಆಮೇಲಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ಈ ಪತ್ರದ ನಡುವೆಯೇ ನಾಲ್ಕು ಸಲ ಎದ್ದು ರಸ್ತೆ ನೋಡಿ ಬಂದಿದ್ದೇನೆ, ಬೇಳೆ ತಳ ಹಿಡಿದಿದೆ. ನಮ್ಮ ಓಣಿಯ ಒಂದು ಮಗುವನ್ನು ನಾನು ನೋಡಿದ್ದೇನೆ. ಮನೆ ಸರಿಯಾಗಿ ನಡೆಸದೆ ಕಳಿಸಿದ್ದರು. ಮೂರು ತಿಂಗಳು ಅದು ಹೊಸ ಮನೆಯ ಕಟ್ಟೆಯ ಮೇಲೆ ಗಂಟು ಹಿಡಿದು ಕೂತು, ಮನೆಗೆ ಹೋಗೋಣ, ಮನೆಗೆ ಹೋಗೋಣ ಎನ್ನುತ್ತಿತ್ತು. ಹೆತ್ತ ತಾಯಿಯನ್ನೇ ಅನುಮಾನದಿಂದ ನೋಡುತ್ತಿತ್ತು.

ತಮ್ಮನಿಗೆ ಫೋನಿನಲ್ಲಿ ಎಲ್ಲ ಒಪ್ಪಿಕೊಂಡೆ. ಬೈಯುತ್ತಾನೆಂದುಕೊಂಡಿದ್ದೆ. ಬೈಯದೆ, “ಜೋಕಾಲಿ ಎಲ್ಲೈತಿ ಅಂದ್ರ ನಾ ಏನ್ ಹೇಳ್ಲಿ ಅಕ್ಕಾ?” ಎಂದ. ಬೈದಿದ್ದರೇ ಚೆನ್ನಾಗಿತ್ತು. ಹೊಸ ಮನೆಯನ್ನು ಎರೆದು ಮುಗಿದಿದೆ, ಆದರೆ ಇಂದು ಸಂಜೆ ಮಕ್ಕಳು ಕಾಲಿಡುವವರೆಗೆ ಅದರ ಬಾಗಿಲನ್ನು ಯಾರೂ ತೆರೆಯುವಂತಿಲ್ಲ. ಚಾವಣಿಯಲ್ಲಿ ಏನಿದೆ, ಏನಿಲ್ಲ ಎಂದು ಈ ಗಳಿಗೆಯವರೆಗೆ ಯಾರೂ ನೋಡಿಲ್ಲ, ಆದ್ದರಿಂದ ನಿಮ್ಮ ಕೈ ಇನ್ನೂ ಅಲ್ಲಿಗೆ ತಲುಪಬಹುದು.

ನಿಮ್ಮ ಮೂಲ ನಕ್ಷೆಯನ್ನು ನಾನು ಚಿಕ್ಕಂದಿನಲ್ಲಿ ಒಮ್ಮೆ ಮುಟ್ಟಿ ನೋಡಿದ್ದೆ. ಅದರ ಹಿಂಬದಿಗೆ ನೀವು ಪೆನ್ಸಿಲಿನಲ್ಲಿ ಬರೆದಿದ್ದಿರಿ: ‘ಮಕ್ಕಳು ಅಕ್ಕನ ಮನೆಯಲ್ಲಿ. ಗೃಹಪ್ರವೇಶದ ದಿನವೇ ಕರೆತರಬೇಕು. ಚಿಕ್ಕವನು ತುಂಬ ಅಳುತ್ತಿದ್ದಾನಂತೆ.’ ಆದ್ದರಿಂದ ನಿಮಗೆ ಬರೆದೆ. ನೀವು ನಗುವುದಿಲ್ಲವೆಂದು ನನಗೆ ಗೊತ್ತು.

ಚಾವಣಿ ಹಾಕಿಸುವ ಮೊದಲು ಪಡಸಾಲೆಯಲ್ಲಿ, ಬಾಗಿಲಿನಿಂದ ಒಳಬಂದರೆ ಎಡಕ್ಕೆ, ಎರಡು ಕಬ್ಬಿಣದ ಕೊಂಡಿ ಹಾಕಿಸಿ. ಮೇಸ್ತ್ರಿ ಬೇಡವೆಂದರೆ ಹಠ ಹಿಡಿಯಿರಿ. ಮುಖ್ಯವಾಗಿ, ನಕ್ಷೆಯಲ್ಲಿ ಶಾಯಿಯಿಂದಲೇ ಗುರುತು ಮಾಡಿಸಿ, ಪೆನ್ಸಿಲು ಬೇಡ; ನಕ್ಷೆಯಲ್ಲಿದ್ದರೆ ಇಲ್ಲಿನ ಅಚ್ಚಿನಲ್ಲೂ ಬರುತ್ತದೆ. ಕೊಂಡಿ ಮೊದಲೇ ಇದ್ದಿದ್ದರೆ ನಾನು ಈ ಪತ್ರವನ್ನೇ ಬರೆಯುತ್ತಿರಲಿಲ್ಲ ಎಂದು ತರ್ಕ ಮಾಡುವವರು ಮಾಡಲಿ. ನನಗೆ ಮಕ್ಕಳ ಮುಖ ಕಾಣುತ್ತಿದೆ.

ಗಾಡಿಯ ಸದ್ದು ಕೇಳಿಸಿತು. ಹೊನ್ನವ್ವ ಚೀಲ ಹೆಗಲಿಗೇರಿಸಿ ಆಗಲೇ ಬಾಗಿಲಲ್ಲಿದ್ದಾಳೆ. ತಮ್ಮ ತೆಗೆಸಿದ ಮೇಲೆ ಜೋಕಾಲಿಯ ಹಲಗೆ ನನ್ನ ಮನೆಯಲ್ಲೇ ಇದೆ, ಇಷ್ಟು ಹೊತ್ತು ಅದರ ಮೇಲೆಯೇ ಕೂತು ಬರೆದೆ. ಈಗ ಏಳುತ್ತೇನೆ, ಅದನ್ನೂ ಮಕ್ಕಳ ಗಂಟಿನ ಜೊತೆ ಗಾಡಿಗೆ ಹಾಕಬೇಕು.

ಹಲಗೆ ನಾನು ಕಳಿಸುತ್ತಿದ್ದೇನೆ, ಅಜ್ಜಿ. ಕೊಂಡಿ ನೀವು ಹಾಕಿಸಿ.