ಮರೆವಿಲ್ಲದ ಊರಿನ ಕೊನೆಯ ಅಧ್ಯಾಯ

ಭಾನುವಾರ, ಮಧ್ಯಾಹ್ನ
ಮಾರ್ಚ್ ೧೦

ಪ್ರೀತಿಯ ಚಿಟ್ಟೆ,

ಹೇಗಿದ್ದೀಯ ಮಗಳೇ? ಕಳೆದ ದೋಣಿಯಲ್ಲಿ ಅಮ್ಮನ ಕಾಗದ ಬರಲಿಲ್ಲವೆಂದು ಮುಖ ಊದಿಸಿಕೊಂಡಿರುತ್ತೀಯ. ಫೋನೂ ಸಿಗದ ಆ ದ್ವೀಪದ ಹವಾಮಾನ ಕೇಂದ್ರದಲ್ಲಿ ಒಬ್ಬಳೇ ಕೂತು ಗಾಳಿ ಅಳೆಯುವವಳನ್ನು ಕಾಯಿಸಬಾರದಿತ್ತು. ಮೊದಲು ಜ್ವರ ಹಿಡಿದು ಮಲಗಿಸಿತು, ಎದ್ದ ಮೇಲೆ ಕಾದಂಬರಿ ಹಿಡಿದು ಕೂರಿಸಿತು. ಈಗ ಎರಡೂ ಬಿಟ್ಟಿವೆ. ಹೌದು ಕಣೇ, ಕಾದಂಬರಿ ಮುಗಿಯಿತು! ಆಸ್ಪತ್ರೆಯ ಎಕ್ಸ್‌ರೇ ಕೋಣೆಯಲ್ಲಿ ಇಡೀ ದಿನ "ಉಸಿರು ಬಿಗಿಹಿಡೀರಿ, ಅಲ್ಲಾಡಬೇಡಿ" ಅನ್ನುವ ನಾನು, ನಿನ್ನೆ ಮೊದಲ ಸಲ ಬಿಗಿಹಿಡಿದಿದ್ದ ನನ್ನ ಉಸಿರನ್ನೂ ಬಿಟ್ಟೆ.

ನಿನಗೆ ಗೊತ್ತಿರುವಷ್ಟು ಇದು: ಯಾರೂ ಏನನ್ನೂ ಮರೆಯದ ಒಂದು ಊರಿನ ಕಥೆ. ನೀನು ಹೊರಡುವಾಗ ಮೊದಲ ಭಾಗವನ್ನು ಪ್ರಕಾಶನದವರಿಗೆ ಕಳಿಸಿದ್ದೆ. ಅಲ್ಲಿಯ ಸಂಪಾದಕಿಗೆ ನಾನಿಟ್ಟ ಹೆಸರು ಕತ್ತರಿ ಮೇಡಂ. ಆಕೆ ನನ್ನನ್ನು ಕರೆಸಿ, ಎದುರಿಗೆ ಕೂರಿಸಿಕೊಂಡು, ಹಸ್ತಪ್ರತಿಯ ಮೇಲೆ ಕೈಯಿಟ್ಟು ಹೇಳಿದ್ದು ಇಷ್ಟು: "ನಾನು ನಿಮ್ಮೂರಿಗೆ ಬಂದ ನೆಂಟಳು ಅಂದ್ಕೊಳ್ಳಿ. ಬಾಯಾರಿ ಬಂದಿದೀನಿ. ಮೊದಲು ಒಂದು ಲೋಟ ನೀರು ಕೊಡ್ರೀ, ಬಾವಿ ತೋಡಿದ ಚರಿತ್ರೆ ಆಮೇಲೆ ಹೇಳೋರಂತೆ."

ನಿಜವೇ. ಊರಿನವರಿಗೆ ಯಾಕೆ ಮರೆವಿಲ್ಲ, ಮಣ್ಣಿನಲ್ಲಿ ಏನಿದೆ, ಮೆದುಳಿನಲ್ಲಿ ಏನಾಗುತ್ತದೆ ಎಂದು ಪುಟಗಟ್ಟಲೆ ಪಾಠ ಬರೆದಿದ್ದೆ. ಅಷ್ಟನ್ನೂ ಹರಿದೆ. ಅದರ ಬದಲು ಒಬ್ಬ ಹೆಂಗಸು ಗುಂಡಿ ಕೊಳ್ಳಲು ಅಂಗಡಿಗೆ ಹೋಗುತ್ತಾಳೆ. ಅಂಗಡಿಯವನು "ಅದಕ್ಕೇ ನಾನು ಹೇಳಿದ್ದು, ನೀಲಿ ಬೇಡ ಅಂತ" ಎಂದು ಮಾತು ಶುರು ಮಾಡುತ್ತಾನೆ. ಎಷ್ಟೋ ವರ್ಷಗಳ ಹಿಂದೆ ಅರ್ಧಕ್ಕೆ ನಿಂತ ಮಾತು ಅದು. ಇಬ್ಬರಿಗೂ ವಿಶೇಷವೆನ್ನಿಸುವುದಿಲ್ಲ. ಊರಿನ ಇಡೀ ಕಾನೂನು ಆ ಒಂದು ಗುಂಡಿಯಲ್ಲಿ ಬಂದು ಕೂತಿತು.

ನಮ್ಮ ಮೂಳೆ ಡಾಕ್ಟರು ಇದನ್ನೆಲ್ಲ ಕೇಳಿ, "ಏನಮ್ಮಾ, ಈ ವಯಸ್ಸಲ್ಲಿ ಕಾಗಕ್ಕ ಗುಬ್ಬಕ್ಕನ ಕಥೆನಾ? ಬಾಯಿಗೆ ಬಂದದ್ದು ಬರೀಬಹುದು ಬಿಡಿ, ಆರಾಮ" ಎಂದರು. ಆರಾಮವಂತೆ! ಇದ್ದ ಊರಿನ ಕಥೆ ಬರೆಯುವವರಿಗೆ ಊರು ಸುಮ್ಮನೆ ಬಿದ್ದಿರುತ್ತದೆ. ಇಲ್ಲದ ಊರು ಕಟ್ಟಿದರೆ ಅಲ್ಲಿ ಒಂದು ಇಟ್ಟಿಗೆ ಎಳೆದರೆ ಹತ್ತು ಉರುಳುತ್ತವೆ. ಮರೆವಿಲ್ಲದ ಮೇಲೆ ನೆನಪು ಎಂಬ ಮಾತೇ ಅಲ್ಲಿ ಇರಬಾರದಲ್ಲ? ಮೀನಿಗೆ ನೀರಿನ ಹೆಸರು ಯಾಕೆ ಬೇಕು! ಜ್ಞಾಪಕ, ಸ್ಮರಣೆ ಎಲ್ಲವನ್ನೂ ಹುಡುಕಿ ಹುಡುಕಿ ಹೊಡೆದುಹಾಕಿದೆ. ನನ್ನ ಊರಿನಲ್ಲಿ ಜನ ನೆನೆಯುವುದು ಮಳೆಯಲ್ಲಿ ಮಾತ್ರ.

ಆದರೆ ಕೊನೆಯ ಅಧ್ಯಾಯದಲ್ಲಿ ಸಿಕ್ಕಿಬಿದ್ದೆ. ಕಥೆಯ ಅಕ್ಕ ತಂಗಿಯರು ಜಗಳವಾಡಿ ಬೇರೆಯಾಗಿದ್ದಾರೆ. ಅವರು ಒಂದಾಗಬೇಕು. ಹೇಗೆ? ನಾವಾದರೆ ನಾಲ್ಕು ದಿನ ಬಿಟ್ಟರೆ ಸಿಟ್ಟು ಮಾಸುತ್ತದೆ. ಅಲ್ಲಿ ಯಾವುದೂ ಮಾಸುವುದಿಲ್ಲ, ಆಡಿದ ಮಾತು ಆಡಿದ ಕ್ಷಣದಷ್ಟೇ ಬಿಸಿ. ಒಂದು ಸಲ ಮರೆಸುವ ಔಷಧಿ ತಂದೆ, ಇನ್ನೊಂದು ಸಲ ಮರೆಸುವ ಯಂತ್ರ. ಕತ್ತರಿ ಮೇಡಂ ಎರಡನ್ನೂ ವಾಪಸ್ ಕಳಿಸಿದರು. "ನಿಯಮ ಮಾಡಿದೋರು ನೀವು. ಈಗ ಹಿತ್ತಲ ಬಾಗಿಲಿಂದ ಓಡಿಹೋಗ್ತೀನಿ ಅಂದ್ರೆ ಓದೋರು ಬಿಡ್ತಾರಾ?" ಎಂದರು. ಇನ್ನೊಮ್ಮೆ ಸರಿಹೋಗದಿದ್ದರೆ ಪುಸ್ತಕ ಕೈಬಿಡುತ್ತೇವೆ ಎಂದೂ ಹೇಳಿದರು. ಅದೇ ಹೊತ್ತಿಗೆ ಜ್ವರ ಬಂತು.

ಈಗ ನಿಜವಾದ ಸುದ್ದಿ. ನಿನ್ನ ದೊಡ್ಡಮ್ಮ ಬಂದಿದ್ದಳು!

ಪಕ್ಕದ ಮನೆಯಾಕೆ ಅವಳಿಗೆ ಫೋನ್ ಮಾಡಿಬಿಟ್ಟಿದ್ದಳು. ಅಜ್ಜಿ ಬಿದ್ದು ಸೊಂಟ ಮುರಿದಾಗ ಆಸ್ಪತ್ರೆಯ ಪಡಸಾಲೆಯಲ್ಲಿ ನಾವಿಬ್ಬರೂ ಕಿತ್ತಾಡಿದ್ದು ನೀನೇ ಕಣ್ಣಾರೆ ನೋಡಿದ್ದೆ. ಅಜ್ಜಿಯನ್ನು ವೃದ್ಧರ ಆರೈಕೆ ಮನೆಯಲ್ಲಿ ಬಿಡೋಣ ಎಂದಳು ಅವಳು, ನಾನೇ ನೋಡಿಕೊಳ್ಳುತ್ತೇನೆ ಎಂದೆ ನಾನು. "ನಿನಗೆ ಅಮ್ಮ ಬೇಕಾಗಿಲ್ಲ ಕಣೇ, ಒಳ್ಳೇ ಮಗಳು ಅನ್ನೋ ಹೆಸರು ಬೇಕು" ಎಂದು ಅವಳು ಅಂದದ್ದೇ ಕೊನೆ, ಆಮೇಲೆ ಮಾತಿರಲಿಲ್ಲ. ಈಗ ಬಾಗಿಲು ಬಡಿದು, "ತೆಗಿಯೇ, ಸೂಟ್‌ಕೇಸು ಭಾರ" ಎಂದಳು. ಡ್ರೈವಿಂಗ್ ಶಾಲೆಗೆ ರಜೆ ಹಾಕಿ ಬಂದಿದ್ದಳು. ಗಂಜಿ ಕಾಯಿಸಿದಳು, ಅಜ್ಜಿಗೆ ಸ್ನಾನ ಮಾಡಿಸಿದಳು, ನನ್ನ ಹಾಸಿಗೆಯ ಹೊದಿಕೆ ಬದಲಿಸಿದಳು. ಅವಳು ದಿಂಬು ಕೊಡವಿದ ರೀತಿ ನೋಡಿದರೆ ಸಿಟ್ಟು ಇನ್ನೂ ಇಳಿದಿಲ್ಲವೆಂದು ಗೊತ್ತಾಗುತ್ತಿತ್ತು.

ಜ್ವರ ಇಳಿದ ಮೇಲೆ ಒಂದು ಬೆಳಿಗ್ಗೆ ಅಡುಗೆಮನೆಯಲ್ಲಿ ಎದುರುಬದುರು ಕೂತು ಬಟಾಣಿ ಸುಲಿಯುತ್ತಿದ್ದೆವು. ನನಗೆ ತಡೆಯಲಾಗಲಿಲ್ಲ.

"ಅವತ್ತು ನೀನಂದಿದ್ದು ನಾನು ಮರೆತಿಲ್ಲ" ಎಂದೆ.

"ನಾನೂ ಮರೆತಿಲ್ಲ" ಎಂದಳು, ತಲೆ ಎತ್ತದೆ. "ಮರೀಬೇಡ. ಅನ್ನಬಾರದಿತ್ತು, ಅಂದೆ. ಆದ್ರೆ ಒಂದು ಕೇಳ್ತೀನಿ. ಅದನ್ನ ಅಷ್ಟು ಚೆನ್ನಾಗಿ ಇಟ್ಕೊಂಡಿದೀಯಲ್ಲ, ಕೆರೇಲಿ ನಿನ್ನ ಹೊಟ್ಟೆ ಕೆಳಗೆ ಕೈ ಹಿಡ್ಕೊಂಡು ಈಜು ಕಲಿಸಿದ್ದು ಎಲ್ಲಿಟ್ಟೆ? ನಿನ್ನ ಬಾಣಂತನ ಮಾಡಿದ್ದು ಎಲ್ಲಿಟ್ಟೆ? ಅದೊಂದೇ ಗಟ್ಟಿ, ಇದೆಲ್ಲಾ ನೀರಾ? ಯಾವ ನ್ಯಾಯ ಇದು?"

ನಾನು ಬಟಾಣಿ ಸಿಪ್ಪೆ ಕೈಯಲ್ಲಿ ಹಿಡಿದುಕೊಂಡೇ ಅತ್ತೆ. ಅವಳೂ ಅತ್ತಳು. ಅಳುತ್ತಲೇ, "ಸಾಕು, ಬಟಾಣಿ ಉಪ್ಪಾಗುತ್ತೆ" ಎಂದಳು. ಇಬ್ಬರಿಗೂ ನಗು ಬಂತು. ನಗುತ್ತಿದ್ದಂತೆಯೇ ನನ್ನ ತಲೆಯಲ್ಲಿ ಏನೋ ಬೆಳಗಿತು. ಎದ್ದು ಮೇಜಿನ ಕಡೆ ಓಡಿದೆ. "ಎಲ್ಲಿಗೇ? ಇನ್ನೂ ಅರ್ಧ ಬುಟ್ಟಿ ಇದೆ!" ಎಂದು ಹಿಂದಿನಿಂದ ಕೂಗುತ್ತಿದ್ದಳು.

ನಾನು ಕಟ್ಟಿದ ಊರಿನ ನಿಯಮವನ್ನು ನಾನೇ ಅರ್ಧ ಓದಿದ್ದೆ, ಚಿಟ್ಟೆ. ಅಲ್ಲಿ ಕೆಟ್ಟ ಮಾತು ಆರುವುದಿಲ್ಲ ನಿಜ, ಆದರೆ ಒಳ್ಳೆಯದೂ ಆರುವುದಿಲ್ಲವಲ್ಲ! ಕಥೆಯ ಅಕ್ಕ ತಂಗಿಯರಿಗೆ ಔಷಧಿ ಬೇಡ, ಯಂತ್ರ ಬೇಡ. ಅವರು ಎದುರುಬದುರು ಕೂತು ಇದ್ದದ್ದನ್ನೆಲ್ಲ ಹೊರಗೆ ತೆಗೆದರೆ ಸಾಕು. ನಿಯಮ ಮುರಿಯಲಿಲ್ಲ, ಪೂರ್ತಿ ನಡೆಸಿದೆ. ಈ ಬಗೆಯ ಕಥೆಯ ಗುಟ್ಟು ಅಷ್ಟೇ ಇರಬೇಕು ಎಂದು ಈಗ ಅನ್ನಿಸುತ್ತಿದೆ.

ಹಾಗೇ ಬರೆದು ಕಳಿಸಿದೆ. ನಿನ್ನೆ ಕತ್ತರಿ ಮೇಡಂ ಫೋನ್ ಮಾಡಿದರು. "ನಮ್ಮ ತಂಗಿ ಹತ್ರ ಮಾತಾಡಿ ತುಂಬಾ ದಿನ ಆಗಿತ್ತು. ಓದಿ ಮುಗಿಸಿ ಅವಳಿಗೆ ಫೋನ್ ಮಾಡ್ದೆ ಕಣ್ರೀ. ಅಚ್ಚಿಗೆ ಕಳಿಸ್ತೀನಿ" ಎಂದರು. ಬೇರೆ ಬಹುಮಾನ ಯಾಕೆ ಬೇಕು ಹೇಳು! ನಾನು ಫೋನ್ ಇಟ್ಟು ಅಡುಗೆಮನೆಯ ನೆಲದ ಮೇಲೆ ಕಾಲು ಚಾಚಿ ಕೂತುಬಿಟ್ಟೆ. ಬೆನ್ನ ಮೇಲಿನ ಬಂಡೆ ಇಳಿದಿತ್ತು. ದೊಡ್ಡಮ್ಮ ಇನ್ನು ತಿಂಗಳಿಗೊಮ್ಮೆ ಬರುತ್ತಾಳಂತೆ. ನಿನಗೆಂದು ಉಣ್ಣೆಯ ಟೋಪಿ ಹೆಣೆಯುತ್ತಿದ್ದಾಳೆ. ಅದು ಟೋಪಿಯೋ ಟೀ ಪಾತ್ರೆಯ ಹೊದಿಕೆಯೋ ಇನ್ನೂ ತೀರ್ಮಾನವಾಗಿಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು, ಒದ್ದೆ ಕಾಲುಚೀಲದಲ್ಲಿ ಕೂರಬೇಡ. ನೀನು ಅಳೆಯುವ ಗಾಳಿಯೆಲ್ಲ ನಿನ್ನ ಬೆನ್ನ ಹಿಂದಿನಿಂದಲೇ ಬೀಸಲಿ, ತಾಯಿ.

ನಿನ್ನ ಪ್ರೀತಿಯ
ಅಮ್ಮ

ಮರೆತಿದ್ದೆ ಅಂತ ಬರೆದರೆ ಸುಳ್ಳಾಗುತ್ತದೆ. ಬೇಕೆಂದೇ ಕೊನೆಗೆ ಉಳಿಸಿಕೊಂಡೆ. ನೀನು ರಜೆಗೆ ಬರುವ ಮೊದಲು ತಿಳಿದಿರಲಿ. ದೊಡ್ಡಮ್ಮ ಒಳಗೆ ಬಂದ ದಿನ ಅಜ್ಜಿ ಅವಳನ್ನು ನೋಡಿದ್ದೇ ತಡ, "ಬಂದ್ಯಾ ನನ್ನ ಕಂದ" ಎಂದು ಎರಡೂ ಕೈ ಚಾಚಿದಳು. ಆಮೇಲೆ ನನ್ನ ಕಡೆ ತಿರುಗಿ, "ನಿಂತೇ ಇದೀರಲ್ಲಮ್ಮ, ಕೂತ್ಕೊಳ್ಳಿ" ಎಂದಳು. ಕೆಲವು ತಿಂಗಳಿಂದ ನನಗೆ ಹೀಗೇ ಬಹುವಚನ. ನಾನು ಯಾರೆಂದು ಅವಳಿಗೆ ತಿಳಿಯುವುದಿಲ್ಲ. ದೊಡ್ಡಮ್ಮ ಬಾಯಿಗೆ ಸೆರಗು ಒತ್ತಿಕೊಂಡು ಹೊರಗೆ ಹೋದಳು. ನಾನು ಕೂತೆ. ಅಜ್ಜಿ ನನ್ನ ಕೈ ಸವರುತ್ತಾ, "ನಮ್ಮ ಚಿಕ್ಕವಳೂ ನಿಮ್ಮ ಹಾಗೇ ಇದಾಳೆ. ಕೆಲಸಕ್ಕೆ ಹೋಗಿದಾಳೆ, ಸಂಜೆ ಬರ್ತಾಳೆ. ಇದ್ದು ನೋಡ್ಕೊಂಡು ಹೋಗಿ" ಎಂದಳು. "ಆಯ್ತಮ್ಮ, ಇರ್ತೀನಿ" ಎಂದೆ.